ಹಗ್ಗದಲ್ಲಿ ಹದಿನೈದನೆಯವಳು

ನಮ್ಮೂರಿನ ಗಾಳಿ ಮಧ್ಯಾಹ್ನ ನಾಲ್ಕಕ್ಕೆ ಏಳುತ್ತದೆ, ಹೊತ್ತು ಮುಳುಗಿದ ಕೂಡಲೇ ನಿಲ್ಲುತ್ತದೆ. ಅಷ್ಟು ಹೊತ್ತು ಹಗುರವಾದದ್ದು ಯಾವುದೂ ನೆಲದ ಮೇಲೆ ಉಳಿಯುವುದಿಲ್ಲ, ಮನುಷ್ಯರೂ ಸೇರಿ. ಹಾಗಾಗಿ ನಾವು ಬಟ್ಟೆಯ ಅಂಚಿನಲ್ಲಿ ಕಲ್ಲು ಹೊಲಿಸಿಕೊಳ್ಳುತ್ತೇವೆ. ಹೊಲಿಯುವವಳು ನಾನು. ಹೆಸರು ಕಸ್ತೂರಿ, ಊರಿಗೆಲ್ಲ ಕಸ್ತೂರಕ್ಕ. ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಮೂವತ್ತೊಂದು ವರ್ಷದಿಂದ ನನ್ನ ಅಂಗಡಿ ಇದೆ. ಊರಿನ ಅರ್ಧ ಜನ ನನ್ನ ಹೆಮ್ಮಿಂಗ್ ನಂಬಿಕೊಂಡು ನಡೆದಾಡುತ್ತಾರೆ ಎಂದರೆ ಅದು ಜಂಬದ ಮಾತಲ್ಲ.

ಲಿಂಬೆಹಣ್ಣಿನ ಗಾತ್ರದ ಕರಿಕಲ್ಲುಗಳು. ಕೋಟಿಗೆ, ಸೀರೆಗೆ, ಚೂಡಿದಾರದ ಟಾಪಿಗೆ ಅಂಚಿನುದ್ದಕ್ಕೂ ಒಂದೊಂದಕ್ಕೆ ಒಂದೊಂದು ಪುಟ್ಟ ಚೀಲ ಮಾಡಿ ಕೂಡಿಸಬೇಕು. ಐವತ್ತು ದಾಟಿದ ನನ್ನಂಥ ಗಟ್ಟಿ ಮೈಯವರಿಗೆ ಐದು ಕಲ್ಲು ಸಾಕು. ಹದಿಮೂರರಿಂದ ಇಪ್ಪತ್ತು ಇಪ್ಪತ್ತೊಂದರ ತನಕದವರಿಗೆ ಹನ್ನೆರಡು ಬೇಕು. ಯಾಕೋ ಏನೋ, ಗಾಳಿಗೆ ಆ ವಯಸ್ಸಿನವರ ಮೇಲೇ ಕಣ್ಣು. ಅರವತ್ತೈದು ದಾಟಿದ ಮೇಲೆ ಮತ್ತೆ ಹೆಚ್ಚುತ್ತವೆ. ಹದಿಮೂರು ತುಂಬುವ ತನಕ ಮಕ್ಕಳು ನಾಲ್ಕರ ಮೇಲೆ ಹೊಸ್ತಿಲು ದಾಟುವುದಿಲ್ಲ. ತುಂಬಿದ ದಿನ ಮನೆಯ ಹಿರಿಯರು ಹಿತ್ತಲಿನ ಕಲ್ಲುರಾಶಿಯಿಂದ ಹನ್ನೆರಡು ಆರಿಸಿ, ತೊಳೆದು, ತಟ್ಟೆಯಲ್ಲಿಟ್ಟು ಕೊಡುತ್ತಾರೆ. ಅವನ್ನು ಮಾರುವ ಹಾಗಿಲ್ಲ, ಕೊಳ್ಳುವ ಹಾಗಿಲ್ಲ. ಮನೆಯಿಲ್ಲದವರಿಗೆ, ಮನೆಯಿದ್ದೂ ಕೊಡುವವರಿಲ್ಲದವರಿಗೆ ಕಲ್ಲೂ ಇಲ್ಲ. ಅಂಥವರು ಹಗ್ಗ ಹಿಡಿಯುತ್ತಾರೆ ಎಂದು ನಾವೆಲ್ಲ ತಿಳಿದುಕೊಂಡಿದ್ದೆವು.

ಹಗ್ಗವೆಂದರೆ ಹೆಬ್ಬೆರಳಿನಷ್ಟು ದಪ್ಪನೆಯ ನಾರಿನ ಹಗ್ಗ. ಹತ್ತು ಹದಿನಾಲ್ಕು ಜನ ಸಾಲಾಗಿ ಹಿಡಿದುಕೊಂಡು ಗಾಳಿಯಲ್ಲಿ ಹೊರಡುತ್ತಿದ್ದರು. ಮುಂದಿನವನು ಮೈತುಂಬ ಕಲ್ಲು ಹೊತ್ತಿರುತ್ತಿದ್ದ, ಹಿಂದಿನವರಿಗೆ ಒಂದೂ ಇಲ್ಲ. ಊರಲ್ಲಿ ಅಂಥ ಮೂರು ಹಗ್ಗಗಳಿದ್ದವು. ಕೆಂಪು ಬಣ್ಣದ್ದು ಮೌನೇಶನದು, ಎಲ್ಲಕ್ಕಿಂತ ದೊಡ್ಡದು. ಗಾಳಿ ಸಡಿಲಿಸಿದ್ದೆಲ್ಲ ಅವರದು: ತಾಡಪತ್ರಿ, ಒಣಹಾಕಿದ ಸೀರೆ, ಅಂಗಡಿಯ ಬೋರ್ಡು. ಅದು ಸಾಲದೆ ದಾರಿಹೋಕರ ಅಂಚು ಬಿಚ್ಚಿ ಕಲ್ಲು ಕಿತ್ತುಕೊಳ್ಳುತ್ತಿದ್ದರು. ಕಲ್ಲು ಕಳೆದುಕೊಂಡವರು ಹೊತ್ತು ಮುಳುಗುವ ತನಕ ಯಾವುದಾದರೂ ಕಂಬ ತಬ್ಬಿಕೊಂಡು ನಿಲ್ಲಬೇಕು. ಮರುದಿನ ಹರಿದ ಬಟ್ಟೆ ಹಿಡಿದುಕೊಂಡು ನನ್ನ ಅಂಗಡಿಗೆ ಬರುತ್ತಿದ್ದರು, ಹಗ್ಗದವರ ವಂಶವನ್ನೆಲ್ಲ ಬೈಯುತ್ತ.

ಶ್ರಾವಣ ಕಳೆದ ಮೇಲೆ ಒಂದು ಬೆಳಿಗ್ಗೆ ಅಂಚೆಯವ ತನ್ನ ಖಾಕಿ ಕೋಟು ತಂದು ಮೇಜಿನ ಮೇಲೆ ಹಾಕಿದ. ಎಂದಿನಂತೆ ಬ್ಲೇಡು ಹಾಕಿ ಹರಿದಿರಬಹುದೆಂದು ತಿರುಗಿಸಿ ನೋಡಿದೆ. ಬಟ್ಟೆಗೆ ಒಂದು ಗೀರೂ ಬಿದ್ದಿರಲಿಲ್ಲ. ದಾರ ಮಾತ್ರ ಹೋಗಿತ್ತು, ಈ ತುದಿಯಿಂದ ಆ ತುದಿಗೆ, ಒಂದೇ ಎಳೆತಕ್ಕೆ. ನನ್ನ ಹೆಮ್ಮಿಂಗ್‌ನ ಗಂಟು ಎಡಬದಿಯ ಹೊಲಿಗೆಯ ಒಳಗೆ ಅಡಗಿರುತ್ತದೆ. ಅದನ್ನು ಹುಡುಕಿ ಉಗುರಿನಿಂದ ಬಿಡಿಸಿದರೆ ಹಾಗೆ ಬರುತ್ತದೆ. ಆ ಗಂಟು ಎಲ್ಲಿರುತ್ತದೆಂದು ನನ್ನನ್ನು ಬಿಟ್ಟರೆ ಒಬ್ಬಳಿಗೇ ಗೊತ್ತಿತ್ತು. ನನ್ನ ಅಣ್ಣನ ಮಗಳು ಶಕುಂತಲಾ, ನಮ್ಮ ಶಕ್ಕು. ಎರಡು ಬೇಸಿಗೆ ರಜೆ ನನ್ನ ಹತ್ತಿರ ಕೂತು ಹೊಲಿಗೆ ಕಲಿತಿದ್ದಳು. ಈಗ ಹದಿನೇಳು ತುಂಬಿ ಕಾಲೇಜಿಗೆ ಹೋಗುತ್ತಿದ್ದಳು.

ಕೋಟು ಹೊಲಿದಿಡುತ್ತೇನೆಂದು ಅಂಚೆಯವನನ್ನು ಕಳಿಸಿದೆ. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಬಂದದ್ದು ಕುತೂಹಲ. ಅದು ನನ್ನ ಹುಟ್ಟುಗುಣ. ಯಾರದಾದರೂ ಬಟ್ಟೆ ಕೈಗೆ ಬಂದರೆ ಜೇಬಿನಲ್ಲಿ ಏನಿದೆ ಎಂದು ನೋಡುವವಳು ನಾನು. ಶಕ್ಕುವಿಗೆ ಅಪ್ಪ ಅವ್ವ ಇದ್ದರು. ಅಣ್ಣ ಚನ್ನಬಸಪ್ಪನದು ಹಿಟ್ಟಿನ ಗಿರಣಿ, ಉಣ್ಣಲು ಉಡಲು ಕೊರತೆಯಿಲ್ಲ. ಹನ್ನೆರಡು ಕಲ್ಲು ನಾನೇ ನನ್ನ ಕೈಯಾರೆ ಹೊಲಿದುಕೊಟ್ಟಿದ್ದೆ. ಅಂಥವಳು ಹಗ್ಗಕ್ಕೆ ಯಾಕೆ ಹೋದಳು?

ಆ ದಿನ ನಾಲ್ಕೂವರೆಗೆ ಅಣ್ಣನ ಮನೆಗೆ ಹೋದೆ. ಅಣ್ಣನ ಹೆಂಡತಿ, ನನ್ನ ವೈನಿ, ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದರು. ಅಣ್ಣ ಗಿರಣಿಯಿಂದ ಬಂದು ಚಹಾ ಕುಡಿಯುತ್ತ ಕೂತಿದ್ದ.

"ಶಕ್ಕು ಎಲ್ಲಿ?" ಅಂದೆ.

"ಒಳಗ ಓದಾಕತ್ತಾಳ," ಅಂದ ಅಣ್ಣ.

"ಇಲ್ಲ, ಮ್ಯಾಲಿನ ಖೋಲ್ಯಾಗ ಅದಾಳ," ಅಂದರು ವೈನಿ.

ನಾನು ಎರಡೂ ಕಡೆ ನೋಡಿ ಬಂದೆ. ಮೇಲಿನ ಕೋಣೆಯ ಗೂಟಕ್ಕೆ ಅವಳ ಕಲ್ಲಿನ ಟಾಪು ತೂಗುಹಾಕಿತ್ತು. ಕಲ್ಲು ಮುಟ್ಟಿ ನೋಡಿದೆ, ಧೂಳು ಹತ್ತಿತ್ತು. ಕೆಳಗೆ ಬಂದು, "ಓದಾಕತ್ತಾಳ" ಎಂದೆ. ಅಣ್ಣನ ಮುಂದೆ ಹಾಗೆ ಸುಳ್ಳು ಹೇಳಿದ್ದು ಅದೇ ಮೊದಲು.

ಮರುದಿನ ನಾಲ್ಕಕ್ಕೆ ಅಂಗಡಿಯ ಶಟರ್ ಅರ್ಧ ಎಳೆದು ಸಂದಿಯಲ್ಲಿ ಕಣ್ಣಿಟ್ಟು ಕೂತೆ. ಐದರ ಸುಮಾರಿಗೆ ಕೆಂಪು ಹಗ್ಗ ಬಂತು. ಮುಂದೆ ಮೌನೇಶ, ಭಾರವಾಗಿ, ಹೆಜ್ಜೆ ಊರಿ ಊರಿ. ಅವನ ಹಿಂದಿನವರ ಕಾಲುಗಳು ನೆಲಕ್ಕೆ ತಾಗಿ ತಾಗದ ಹಾಗೆ ಹೋಗುತ್ತಿದ್ದವು. ಬಾಲದ ಕಡೆಯವರು ಮೊಳದುದ್ದ ಮೇಲೇ ಇದ್ದರು. ಆರನೆಯವಳು ಶಕ್ಕು. ಜಡೆ ಬಿಚ್ಚಿ ಕೂದಲು ಹಾರುತ್ತಿತ್ತು. ಅವಳು ನಗುತ್ತಿದ್ದಳು. ಮನೆಯಲ್ಲಿ ಅವಳು ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವವಳು. ಆವತ್ತು ಎರಡೂ ಕೈ ಹಗ್ಗದ ಮೇಲಿದ್ದವು. ಅವಳ ದವಡೆಯಲ್ಲಿ ಒಂದು ಹಲ್ಲು ಸೊಟ್ಟಗಿದೆಯೆಂದು ನನಗೆ ಗೊತ್ತಾದದ್ದೇ ಆಗ.

ಒಂದು ವಾರ ಕಳೆದಿರಬೇಕು. ಬೆಳಿಗ್ಗೆ ಹತ್ತು ಗಂಟೆಗೆ, ಗಾಳಿಯಿಲ್ಲದ ಹೊತ್ತಿನಲ್ಲಿ, ಮೌನೇಶನೇ ಅಂಗಡಿಗೆ ಬಂದ. ಹತ್ತಿರದಿಂದ ನೋಡಿದರೆ ಹತ್ತೊಂಬತ್ತರ ಹುಡುಗ, ಮೀಸೆ ಇನ್ನೂ ಸರಿಯಾಗಿ ಕೂಡಿಕೊಂಡಿರಲಿಲ್ಲ. ಚಪ್ಪಲಿ ಹೊರಗೆ ಬಿಟ್ಟು ನಿಂತ.

"ಅಕ್ಕಾರ, ಹದಿನಾಕು ನಡಪಟ್ಟಿ ಹೊಲದು ಕೊಡಬೇಕ್ರಿ. ಗಟ್ಟಿ ಕ್ಯಾನ್ವಾಸಿಂದು. ಹಗ್ಗಕ್ಕ ಸಿಗಸಾಕ ಒಂದೊಂದು ಕೊಕ್ಕಿ ಇರಬೇಕು. ಕೈ ಸೋತು ಹೋದ ತಿಂಗಳ ಒಬ್ಬಾಂವ ಬಿಟ್ಟುಬಿಟ್ಟಿದ್ದ. ಪುಣ್ಯಾಕ್ಕ ಬೇಲ್ಯಾಗ ಸಿಕ್ಕೊಂಡ."

"ನಿಮಗ್ಯಾಕ ನಾ ಹೊಲೀಬೇಕು? ನೀವು ಹರದದ್ದು ಹೊಲಿಯೋದ ನನಗ ಸಾಕಾಗೇತಿ."

"ಹೊಲೀಲಿಲ್ಲಂದ್ರ ಇನ್ನೊಬ್ರು ಬೀಳ್ತಾರ್ರಿ. ಅಷ್ಟ."

ಅವನು ಬೆದರಿಸಲಿಲ್ಲ. ಬೆದರಿಸಿದ್ದರೆ ಆಗುವುದಿಲ್ಲ ಎಂದುಬಿಡುತ್ತಿದ್ದೆ. ನಾನು ಟೇಪು ಕೊರಳಿಗೆ ಹಾಕಿಕೊಂಡು, "ಎಲ್ಲಾರೂ ಒಬ್ಬೊಬ್ರಾಗಿ ಬಂದು ಅಳತಿ ಕೊಡಬೇಕು. ಅಳತಿ ತಗೊಳ್ಳುವಾಗ ನಾ ಒಂದ ಪ್ರಶ್ನಿ ಕೇಳ್ತೀನಿ. ಖರೇ ಹೇಳಬೇಕು. ಅದ ಹೊಲಗಿ ಕೂಲಿ," ಎಂದೆ.

"ಏನ್ ಪ್ರಶ್ನಿ?"

"ಹಗ್ಗಕ್ಕ ಯಾಕ ಬಂದಿ, ಅಂತ."

ಅವನು ತಲೆ ಕೆರೆದುಕೊಂಡ. ಅದು ಅವನಿಗೂ ಹೊಸ ಪ್ರಶ್ನೆಯೆಂದು ಕಾಣುತ್ತದೆ.

ನಾಲ್ಕು ದಿನ ಬೆಳಗಿನ ಹೊತ್ತು ಅವರು ಬಂದು ಹೋದರು. ಸೊಂಟದ ಅಳತೆ ತೆಗೆಯುವಾಗ ನಾನು ಬಗ್ಗಿರುತ್ತೇನೆ, ನನ್ನ ಮುಖ ಅವರಿಗೆ ಕಾಣುವುದಿಲ್ಲ. ಅದಕ್ಕೇ ಇರಬೇಕು, ಹೇಳಿದರು. ಮೊದಲು ಬಂದವನು ತನ್ನ ಹನ್ನೆರಡು ಕಲ್ಲನ್ನು ಅಪ್ಪ ಇಸಿದುಕೊಂಡು ನೌಕರಿಗೆ ಹೋಗುವ ಅಣ್ಣನಿಗೆ ಕೊಟ್ಟನೆಂದ. "ಅವಗ ಹೆಚ್ಚು ಬೇಕಂತ್ರಿ. ನಾ ಮನ್ಯಾಗ ಕುಂದ್ರಬೇಕಂತ." ಒಬ್ಬಳು ಹುಡುಗಿ, ಹಗ್ಗದಲ್ಲಿದ್ದರೆ ಓಣಿಯಲ್ಲಿ ಯಾರೂ ಮೈ ಮುಟ್ಟುವುದಿಲ್ಲ ಎಂದಳು. ಅವಳ ಸೊಂಟಕ್ಕೆ ಟೇಪು ಸುತ್ತುವಾಗ ಅವಳು ಹಿಂದೆ ಸರಿದಳು, ಟೇಪನ್ನು ಅವಳ ಕೈಗೇ ಕೊಟ್ಟೆ. ಇಬ್ಬರು ಗೆಳೆಯರು ಕೂಡಿಯೇ ಬಂದರು; ಅವನು ಬಂದ ಅಂತ ಇವನು, ಇವನು ಬಂದ ಅಂತ ಅವನು. ಒಬ್ಬ, "ಚೊಲೋ ಅನಸ್ತೈತ್ರಿ," ಎಂದಷ್ಟೇ ಹೇಳಿ ಹೋದ.

ಉದ್ದನೆಯ ಕತ್ತಿನ ಒಬ್ಬ ಹುಡುಗನ ಮಾತು ನನಗೆ ಈಗಲೂ ನೆನಪಿದೆ. "ಇವರು ನಮ್ಮಪ್ಪನ ಅಂಚು ಬಿಚ್ಚಿದ್ರು. ಅಪ್ಪ ಕಂಬಾ ತಬ್ಕೊಂಡು ಅಳಾಕತ್ತಿದ್ದ. ನಾ ದೂರ ನಿಂತು ನೋಡಿದೆ. ಕಂಬಾ ತಬ್ಕೊಳ್ಳೋರಾಗ ನಾ ಇರಬಾರ್ದು ಅನಿಸ್ತು. ಮರುದಿನಾ ಬಂದು ಇವರನ್ನ ಸೇರಿದೆ."

"ಸಿಟ್ಟ ಬರಲಿಲ್ಲೇನು ಇವರ ಮ್ಯಾಲ?"

"ಅಪ್ಪನ ಮ್ಯಾಲ ಬಂತ್ರಿ," ಎಂದ.

ಮೌನೇಶ ತನ್ನ ಅಳತೆಗೆ ಕಡೆಯಲ್ಲಿ ಬಂದ. ಅವನು ಬೆಳೆದದ್ದು ಸೋದರಮಾವನ ಮನೆಯಲ್ಲಿ. ಹದಿಮೂರು ತುಂಬಿದಾಗ ಮಾವ, ಮುಂದಿನ ವರ್ಷ ಕೊಡೋಣ ಎಂದನಂತೆ. ಮುಂದಿನ ವರ್ಷ ತನ್ನ ಮಗನಿಗೆ ಹನ್ನೆರಡು ತೊಳೆದುಕೊಟ್ಟು, ಇವನಿಗೆ ಮತ್ತೆ ಮುಂದಿನ ವರ್ಷ ಎಂದ. "ಮೂರನೇ ವರ್ಷ ನಾನ ಬಾವಿ ಹಗ್ಗಾ ಬಿಚ್ಕೊಂಡು ಹೊಂಟೆ. ಒಬ್ಬನ ಇದ್ದೆ. ಹಗ್ಗದ ಒಂದ ತುದಿ ಕಂಬಕ್ಕ ಕಟ್ಟಿ, ಇನ್ನೊಂದ ತುದಿ ಹಿಡದು ನಡ್ಯಾಂವ. ಒಂದಿನಾ ಯಾರೋ ಬಂದು ಆ ತುದೀನ್ನ ಕಂಬದಿಂದ ಬಿಚ್ಚಿ ಕೈಯಾಗ ಹಿಡದ್ರು. ಹಿಂಗ ಆತು."

ಟೇಪು ನೋಡಿದೆ. ಅವನ ನಡು ಹುಡುಗರ ನಡುವಿನಂತಿರಲಿಲ್ಲ, ದುಂಡಗಾಗಿತ್ತು. ಇನ್ನೊಂದು ವರ್ಷಕ್ಕೆ ಗಾಳಿ ಇವನನ್ನು ಬಿಟ್ಟುಬಿಡುತ್ತದೆ. ನಾನು ಹೇಳದಿದ್ದರೂ ಅವನಿಗೆ ತಿಳಿಯಿತು. "ಅಳತಿ ಯಾರಿಗೂ ಹೇಳಬ್ಯಾಡ್ರಿ ಅಕ್ಕಾರ," ಎಂದ. "ದೊಡ್ಡಾಂವ ಆದೆ ಅಂದ್ರ ಇವರು ನನ್ನ ಇಟ್ಕೊಳ್ಳಂಗಿಲ್ಲ."

ಹದಿನಾಲ್ಕರಲ್ಲಿ ಹದಿಮೂರು ಉತ್ತರ ಸಿಕ್ಕಿದ್ದವು. ಉಳಿದದ್ದು ಶಕ್ಕು. ಅವಳು ಅಳತೆಗೆ ಬರುವ ಅಗತ್ಯವೇ ಇರಲಿಲ್ಲ, ಅವಳ ನಡು ನನಗೆ ಬಾಯಿಪಾಠ. ಆದರೂ ಬಂದಳು, ನಾನು ಬೈಯುತ್ತೇನೆಂದು ಕಾದು ನಿಂತಳು. ನಾನು ಅದೇ ಪ್ರಶ್ನೆ ಕೇಳಿದೆ.

"ಅತ್ತಿ, ಹೇಳಿದ್ರ ತಿಳಿಯಂಗಿಲ್ಲ. ಹಿಡದ ನೋಡು."

ಬೇರೆ ಯಾರಾದರೂ ನಕ್ಕು ಬಿಟ್ಟುಬಿಡುತ್ತಿದ್ದರು. ನಾನು ಮೂರು ದಿನ ಅದನ್ನೇ ಯೋಚಿಸಿದೆ. ನಾಲ್ಕನೆಯ ದಿನ ಹದಿನಾಲ್ಕರ ಬದಲು ಹದಿನೈದು ಪಟ್ಟಿ ಹೊಲಿದು ಮುಗಿಸಿದೆ. ನನ್ನ ಸೀರೆಯ ಅಂಚಿನ ಐದೂ ಕಲ್ಲು ತೆಗೆದಿಟ್ಟೆ. ಪಟ್ಟಿ ಒಯ್ಯಲು ಬಂದ ಮೌನೇಶ ಮೊದಲು ನಕ್ಕ, ಆಮೇಲೆ ನಗು ನಿಲ್ಲಿಸಿದ.

"ಹಗ್ಗಾ ಹಿಡದ ಮ್ಯಾಲ ಹಗ್ಗದ ಮಾತು ಕೇಳಬೇಕ್ರಿ. ಒಂದ ದಿನಕ್ಕಾದ್ರೂ."

"ಕೇಳ್ತೀನಿ," ಎಂದೆ. ಏನು ಹೇಳುತ್ತಿದ್ದೇನೆಂದು ನನಗೆ ಆಗ ತಿಳಿದಿರಲಿಲ್ಲ.

ನನ್ನನ್ನು ಬಾಲಕ್ಕೆ ನಿಲ್ಲಿಸಿದರು. ನನ್ನ ಮುಂದೆ ಹದಿನಾಲ್ಕನೆಯವಳಾಗಿ ಶಕ್ಕು. ನಾಲ್ಕು ಹೊಡೆಯಿತು, ಮೊದಲು ಸೀರೆ ಉಬ್ಬಿತು, ಆಮೇಲೆ ಹಿಮ್ಮಡಿ ಎದ್ದಿತು, ಆಮೇಲೆ ಬೆರಳೂ ಎದ್ದಿತು. ಐವತ್ತಮೂರು ವರ್ಷ ನೆಲ ನೋಡಿಕೊಂಡೇ ನಡೆದವಳು ನಾನು. ಕಲ್ಲು ಹೊತ್ತವರ ಕಣ್ಣು ಯಾವಾಗಲೂ ನೆಲದ ಮೇಲೇ ಇರುತ್ತದೆ. ಆವತ್ತು ನಮ್ಮ ಓಣಿಯ ಗೋಡೆಗಳಿಗೆ ಮೇಲೊಂದು ಅಂಚು ಇದೆಯೆಂದು, ಅದರ ಮೇಲೆ ಯಾರೋ ಹಾಗಲಬಳ್ಳಿ ಹಬ್ಬಿಸಿದ್ದಾರೆಂದು ಕಂಡೆ. ಇಪ್ಪತ್ತು ಹೆಜ್ಜೆಗೊಮ್ಮೆ ಮೌನೇಶ ಒಬ್ಬೊಬ್ಬರದೇ ಹೆಸರು ಕೂಗುತ್ತಿದ್ದ, ಅವರು "ಅದೀನಿ" ಎನ್ನುತ್ತಿದ್ದರು. ಕಟ್ಟಕಡೆಗೆ "ಕಸ್ತೂರಕ್ಕಾ" ಎಂದು ಕೂಗಿದ. "ಅದೀನಿ" ಎಂದೆ. ಧ್ವನಿ ನನ್ನದೇ ಎಂದು ನಂಬಲಾಗಲಿಲ್ಲ. ಮದುವೆಯಾಗದೆ ಉಳಿದವಳು ನಾನು, ಅವ್ವ ತೀರಿಕೊಂಡ ಮೇಲೆ ಗಾಳಿಯ ಹೊತ್ತಿನಲ್ಲಿ ನಾನಿದ್ದೇನೋ ಇಲ್ಲವೋ ಎಂದು ಯಾರೂ ವಿಚಾರಿಸಿರಲಿಲ್ಲ. ಮುಂದಿನ ಸಲ ಯಾವಾಗ ನನ್ನ ಹೆಸರು ಬರುತ್ತದೋ ಎಂದು ಕಾಯತೊಡಗಿದೆ. ನಗುತ್ತಿದ್ದೆನೆಂದು ಕಾಣುತ್ತದೆ, ಬಾಯಲ್ಲಿ ಧೂಳು ತುಂಬಿತ್ತು.

ನೀರಿನ ಟಾಕಿಯ ಹತ್ತಿರ ಅಂದಾನಪ್ಪ ಮಾಸ್ತರರು ಎದುರು ಬಂದರು. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸಿ ನಿವೃತ್ತರಾದವರು, ಎಪ್ಪತ್ತೆರಡರ ಒಣಕಲು ಮೈ, ಕೋಟಿನ ಅಂಚಿಗೆ ಇಪ್ಪತ್ತು ಕಲ್ಲು. ಕೈಯಲ್ಲಿ ಹೀರೆಕಾಯಿಯ ಚೀಲ. ಹಗ್ಗ ಅವರ ಸುತ್ತ ಬಳಸಿ ನಿಂತಿತು.

"ಏ, ದಾರಿ ಬಿಡ್ರಪಾ," ಎಂದರು.

ಮೌನೇಶ, "ಶಕ್ಕು," ಎಂದ. ಅಷ್ಟೇ.

ಶಕ್ಕು ನನ್ನ ಕಡೆ ತಿರುಗಿ ನೋಡಿದಳು. ನಾನು ಬೇಡ ಎನ್ನಬೇಕಿತ್ತು. ಬಾಯಿ ತೆರೆದೆ, ಗಾಳಿ ಒಳಗೆ ಹೋಯಿತು, ಬಾಯಿ ಮುಚ್ಚಿಕೊಂಡೆ. ಅವಳು ಕೊಕ್ಕೆ ಬಿಡಿಸಿದಳು, ಇಬ್ಬರು ಅವಳ ಭುಜ ಒತ್ತಿ ಹಿಡಿದರು. ಮಂಡಿಯೂರಿ ಮಾಸ್ತರರ ಕೋಟಿನ ಎಡಬದಿಯ ಗಂಟು ಹುಡುಕಿ ಎಳೆದಳು. ನಾನು ಹೊಲಿದ ಕೋಟು. ಕಲ್ಲುಗಳು ಒಂದೊಂದಾಗಿ ಅವಳ ದುಪಟ್ಟಾಕ್ಕೆ ಬಿದ್ದವು. ಎಂದಿನ ಲೆಕ್ಕದಲ್ಲಿ ಆರು ತೆಗೆದು, ಆಮೇಲೆ ಕಂಬಕ್ಕೆ ಸೇರಿಸಿ ಉಳಿದದ್ದು ತೆಗೆಯುತ್ತಾರಂತೆ. ಆರನೆಯದು ಬೀಳುವುದಕ್ಕೂ ಟಾಕಿಯ ಕಡೆಯಿಂದ ದೊಡ್ಡದೊಂದು ಬೀಸು ಬರುವುದಕ್ಕೂ ಸರಿಹೋಯಿತು.

ಮಾಸ್ತರರು ಕೂಗಲಿಲ್ಲ. ಕುರ್ಚಿಯಿಂದ ಏಳುವವರ ಹಾಗೆ ಎದ್ದರು, ಆಮೇಲೆ ಏಳುತ್ತಲೇ ಹೋದರು. ಹೀರೆಕಾಯಿಗಳು ಅವರ ಸುತ್ತ ತೇಲಿದವು. ಮಾಳಿಗೆ ದಾಟಿದರು, ಟಾಕಿಯ ಕೊಳವೆ ದಾಟಿದರು.

"ನಡೀರಿ," ಎಂದ ಮೌನೇಶ. ಅವನ ಮುಖ ಬಿಳುಚಿಹೋಗಿತ್ತು. "ನಡೀರಿ, ನಡೀರಿ!"

ಹಗ್ಗ ಹೊರಟಿತು. ನನ್ನ ನಡುವಿನ ಕೊಕ್ಕೆಯನ್ನು ನಾನೇ ಹೊಲಿದಿದ್ದೆ, ಒಂದು ಬೆರಳಿನಲ್ಲಿ ಬಿಡಿಸಬಹುದಿತ್ತು. ಪಕ್ಕದಲ್ಲೇ ಲೈಟಿನ ಕಂಬವಿತ್ತು, ಹಿಡಿದುಕೊಳ್ಳಬಹುದಿತ್ತು. ನಾನು ಬಿಡಿಸಲಿಲ್ಲ. ಬಿಟ್ಟರೆ ಒಬ್ಬಳೇ ಆಗುತ್ತೇನೆ ಎಂಬುದೊಂದೇ ತಲೆಯಲ್ಲಿತ್ತು. ಓಣಿಯ ತಿರುವಿನ ತನಕ ಹಗ್ಗದ ಜೊತೆ ಹೋದೆ. ತಿರುವಿನಲ್ಲಿ ಹೆಸರು ಕೂಗುವಾಗ, "ಶಕ್ಕು" ಎಂದಾಗ ಉತ್ತರ ಬರಲಿಲ್ಲ. ನನ್ನ ಮುಂದಿನ ಜಾಗ ಖಾಲಿಯಿತ್ತು.

ಅವಳು ಅಲ್ಲೇ ಉಳಿದಿದ್ದಳು. ದುಪಟ್ಟಾದಲ್ಲಿದ್ದ ಮಾಸ್ತರರ ಆರು ಕಲ್ಲುಗಳೇ ಅವಳಿಗೆ ಭಾರವಾಗಿದ್ದವು, ಪೂರ್ತಿ ಸಾಲದಿದ್ದರೂ. ಕಲ್ಲು ಹೊಟ್ಟೆಗೆ ಕಟ್ಟಿಕೊಂಡು, ಕಂಬದಿಂದ ಕಂಬಕ್ಕೆ ತೆವಳುತ್ತ, ಮೇಲೆ ನೋಡುತ್ತ ಅವರ ಹಿಂದೆ ಹೋಗಿದ್ದಳು. ಮಾಸ್ತರರು ಪಂಚಾಯಿತಿ ಕಚೇರಿಯ ಹಿಂದಿನ ಬೇವಿನ ಮರದ ತುದಿಗೆ ಸಿಕ್ಕಿಕೊಂಡಿದ್ದರು. ಅವಳು ಮರದ ಬುಡ ತಬ್ಬಿಕೊಂಡು ಹೊತ್ತು ಮುಳುಗುವ ತನಕ ನಿಂತಳು. ಗಾಳಿ ನಿಂತ ಕ್ಷಣ ಅವರು ಕೊಂಬೆಯಿಂದ ಕೊಂಬೆಗೆ ಬಿದ್ದು, ಕೊನೆಗೆ ಅವಳ ಮೇಲೆ ಬಿದ್ದರು. ಮಾಸ್ತರರ ಬಲ ಮುಂಗೈ ಮುರಿದಿತ್ತು. ನಾನು ಓಡಿಹೋಗುವಷ್ಟರಲ್ಲಿ ಅವಳು ಅವರ ಕೈಗೆ ದುಪಟ್ಟಾ ಸುತ್ತಿಯಾಗಿತ್ತು. ನನ್ನ ಮುಖ ನೋಡಿ, ಮತ್ತೆ ಗಂಟು ಬಿಗಿದಳು. ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಬೆಳಿಗ್ಗೆ ಚಾವಡಿಯಲ್ಲಿ ಊರು ಸೇರಿತು. ಶಕ್ಕುವನ್ನು ಬಿಟ್ಟರೆ ಹಗ್ಗದವರಲ್ಲಿ ಯಾರೂ ಬಂದಿರಲಿಲ್ಲ. ಯಾರು ಬಿಚ್ಚಿದರು ಎಂದು ಹಿರಿಯರು ಕೇಳಿದಾಗ, ಶಕ್ಕುವಿನ ಹೆಸರು ಹೇಗೋ ಎದ್ದಿತು. ಅಣ್ಣ ಎದ್ದು ನಿಂತು, "ನನ್ನ ಮಗಳು ಆ ಹೊತ್ನ್ಯಾಗ ಮನ್ಯಾಗ ಓದಾಕತ್ತಿದ್ಲು, ಆಣಿ ಮಾಡಿ ಹೇಳ್ತೀನಿ," ಎಂದ. ಅವನು ಅದನ್ನು ನಿಜವಾಗಿ ನಂಬಿದ್ದ.

"ಇಲ್ಲಪ್ಪಾ," ಎಂದಳು ಶಕ್ಕು ಹಿಂದಿನಿಂದ. "ಬಿಚ್ಚಿದಾಕಿ ನಾನ. ಹಗ್ಗಾ ಹಿಡದು ಈಗ ಐದು ತಿಂಗಳಾತು."

ಅಣ್ಣ ಕೂತುಬಿಟ್ಟ. ನಾನು ಏಳಬೇಕೆಂದುಕೊಂಡಿರಲಿಲ್ಲ, ಕಾಲು ತಾನೇ ಎದ್ದಿತು. "ನಾನೂ ಹಗ್ಗಾ ಹಿಡದಿದ್ದೆ," ಎಂದೆ. ಕೆಲವರು ನಕ್ಕರು. "ಹದಿನೈದನೇದಾಕಿ ನಾನು. ಮಾಸ್ತರರು ಮ್ಯಾಲ ಹೋದಾಗ ನಾ ಕೊಕ್ಕಿ ಬಿಡಸಲಿಲ್ಲ. ಈ ಹುಡುಗಿ ಬಿಡಿಸಿದ್ಲು." ಆಗ ಯಾರೂ ನಗಲಿಲ್ಲ.

ಹಿರಿಯರು ಶಕ್ಕುವನ್ನು ವರ್ಷವಿಡೀ ಗಾಳಿಯ ಹೊತ್ತಿನಲ್ಲಿ ಕೂಡಿಹಾಕಬೇಕು, ಮನೆಯ ಕಲ್ಲು ಕಸಿಯಬೇಕು ಎಂದೆಲ್ಲ ಮಾತಾಡುತ್ತಿರುವಾಗ ಮಾಸ್ತರರ ಮನೆಯಿಂದ ಒಂದು ಚೀಟಿ ಬಂತು. ಎಡಗೈಯ ಸೊಟ್ಟ ಅಕ್ಷರ. "ಆ ಹುಡುಗಿಯನ್ನು ನನ್ನ ಕೈ ಕೂಡುವ ತನಕ ದಿನಾ ಸಂಜೆ ನನ್ನ ಮನೆಗೆ ಕಳಿಸಿ. ಬೇರೆ ಏನೂ ಬೇಡ." ಹಿರಿಯರು ಅದಕ್ಕೇ ಒಪ್ಪಿದರು.

ಚಾವಡಿಯಿಂದ ಮನೆಗೆ ಬರುವ ದಾರಿಯಲ್ಲಿ ಶಕ್ಕು ಕೇಳದೆಯೇ ಉತ್ತರ ಕೊಟ್ಟಳು. "ಅತ್ತಿ, ಸಣ್ಣಾಕಿ ಇದ್ದಾಗ ಮೂರೂವರಿ ಆತಂದ್ರ ಅಪ್ಪ ಗಿರಣಿ ಬಿಟ್ಟು ಓಡಿ ಬಂದು, ಶಕ್ಕು ಒಳಗ ಬಂದಾಳಿಲ್ಲೋ ಅಂತ ಬಾಗಲದಾಗ ನಿಂತು ಒದರಾಂವ. ನಂಗ ಹನ್ನೆರಡು ಕಲ್ಲ ಕೊಟ್ರು ನೋಡು, ಆವತ್ತಿಂದ ಒದರೋದು ಬಿಟ್ಟ. ಕಲ್ಲ ಕೊಟ್ಟೇವಲ್ಲ, ಇನ್ನ ಚಿಂತಿಲ್ಲ ಅಂತ." ಸ್ವಲ್ಪ ದೂರ ನಡೆದು ಮತ್ತೆ ಅಂದಳು, "ಮೌನೇಶ ದಿನಕ್ಕ ನೂರ ಸಲಾ ಒದರ್ತಿದ್ದ."

ನನಗೆ ಅದು ಹೊಸ ಸಂಗತಿಯಾಗಿರಲಿಲ್ಲ. ಒಂದೇ ಸಂಜೆಯಲ್ಲಿ ನನಗೂ ರುಚಿ ಹತ್ತಿತ್ತು. ಆದರೆ ಅದೇ ಬಾಯಿ "ಶಕ್ಕು" ಎಂದಾಗ ಅವಳು ಮಂಡಿಯೂರಿದ್ದಳು, "ನಡೀರಿ" ಎಂದಾಗ ನಾನು ನಡೆದಿದ್ದೆ. ಎರಡನ್ನೂ ಬೇರೆಬೇರೆ ಮಾಡಿ ತೆಗೆದುಕೊಳ್ಳಲು ಹಗ್ಗದಲ್ಲಿ ಬರುವುದಿಲ್ಲ. ಇದನ್ನು ಅಣ್ಣನಿಗೆ ಹೇಳಿದೆ. ಅವನು ಕೇಳಿಸಿಕೊಂಡನೋ ಇಲ್ಲವೋ ತಿಳಿಯಲಿಲ್ಲ. ಎರಡು ದಿನ ಕಳೆದು ನಾಲ್ಕಕ್ಕೆ ಐದು ನಿಮಿಷವಿರುವಾಗ ನೋಡಿದರೆ ಗಿರಣಿಯ ಬಾಗಿಲಲ್ಲಿ ನಿಂತಿದ್ದ. ಶಕ್ಕು ತನ್ನ ಕಲ್ಲಿನ ಟಾಪು ತೊಟ್ಟು ಮಾಸ್ತರರ ಮನೆಗೆ ಹೊರಟಿದ್ದಳು. ಅವಳ ಹೆಸರು ಕೂಗಲು ಬಾಯಿ ತೆರೆದ, ನಾಚಿಕೆಯಾಯಿತೋ ಏನೋ, ಕೆಮ್ಮಿದ. ಗಾಳಿ ಎದ್ದು ಅವನ ಮೈಮೇಲಿನ ಹಿಟ್ಟು ಬೆಳ್ಳಗೆ ಓಣಿಯುದ್ದಕ್ಕೂ ಹಾರಿತು. ಶಕ್ಕು ತಿರುಗಿ ನೋಡಿ ಹೋದಳು.

ಕೆಂಪು ಹಗ್ಗ ಹದಿನೈದು ದಿನ ಕಾಣಲಿಲ್ಲ. ಆಮೇಲೆ ಮತ್ತೆ ಬಂತು. ಅವಳ ಜಾಗದಲ್ಲಿ ಹೊಸಬನೊಬ್ಬ ಸೇರಿದ್ದ, ಮುಂದೆ ಮೌನೇಶನೇ ಇದ್ದ. ನಾನು ಶಟರ್ ಸಂದಿಯಿಂದ ನೋಡಿದೆ. ಅವನು ನನ್ನ ಅಂಗಡಿಯ ಕಡೆ ನೋಡದೆ ಹೋದ.

ಮಾಸ್ತರರ ಮನೆಗೆ ಶಕ್ಕುವಿನ ಜೊತೆ ನಾನೂ ಹೋಗುತ್ತಿದ್ದೆ. ನನ್ನನ್ನು ಯಾರೂ ಕರೆದಿರಲಿಲ್ಲ. ಶಕ್ಕು ನೀರು ತರುತ್ತಿದ್ದಳು, ಪಾತ್ರೆ ತೊಳೆಯುತ್ತಿದ್ದಳು, ಅನ್ನ ಕಲಸಿ ಕೊಡುತ್ತಿದ್ದಳು. ಮಾಸ್ತರರು ಹತ್ತು ದಿನ ಅವಳ ಹತ್ತಿರ ಒಂದು ಮಾತೂ ಆಡಲಿಲ್ಲ. ಬೇಕಾದ್ದನ್ನು ಬೆರಳಿನಲ್ಲಿ ತೋರಿಸುತ್ತಿದ್ದರು. ಅವಳು ಮನೆಗೆ ಬಂದು ಊಟ ಬಿಡುತ್ತಿದ್ದಳು.

ಹನ್ನೊಂದನೆಯ ದಿನ ಮಾಸ್ತರರು ಹಳೆಯ ಕ್ಯಾಲೆಂಡರಿನ ಒಂದು ದೊಡ್ಡ ಹಾಳೆ ಹರಿದು, ಬೆನ್ನು ಮೇಲೆ ಮಾಡಿ ನೆಲದ ಮೇಲೆ ಹಾಸಿಸಿದರು. ಅವಳ ಕೈಗೆ ಪೆನ್ಸಿಲ್ ಕೊಟ್ಟರು.

"ನನ್ನ ಕೈ ಹೋಗೇತಿ. ಚಿತ್ರಾ ನೀ ತಗಿ. ನಾ ಹೇಳ್ತೀನಿ," ಎಂದರು. "ಮೊದಲ ಟಾಕಿ. ಗುಂಡಗ. ಮ್ಯಾಲಿಂದ ನೋಡಿದ್ರ ಅದು ರೊಟ್ಟಿ ಇದ್ದಂಗ ಕಾಣತೈತಿ. ಅದರ ಬಾಜೂಕ ನಮ್ಮ ಓಣಿ, ಸೊಟ್ಟ ಐತಿ, ನಾ ಎಪ್ಪತ್ತು ವರ್ಷ ಸೀದಾ ಐತಿ ಅಂತ ತಿಳಕೊಂಡಿದ್ದೆ."

ಅವರು ಕಣ್ಣು ಮುಚ್ಚಿಕೊಂಡು ಹೇಳುತ್ತ ಹೋದರು, ಶಕ್ಕು ಬರೆಯುತ್ತ ಹೋದಳು. ಮಸೀದಿ, ಬಸ್‌ಸ್ಟ್ಯಾಂಡು, ಗಿರಣಿಯ ತಗಡಿನ ಮಾಳಿಗೆ, ಯಾರದೋ ಮನೆಯ ಮೇಲೆ ಒಣಹಾಕಿದ ಮೆಣಸಿನಕಾಯಿ. ನಮ್ಮೂರಿಗೆ ನಕ್ಷೆಯೆಂಬುದು ಇರಲಿಲ್ಲ; ಊರು ಹೇಗಿದೆಯೆಂದು ನಾನು ನೋಡಿದ್ದು ಅದೇ ಮೊದಲು. ಬಾಗಿ ಬಾಗಿ ನೋಡಿದೆ. ಮಾಸ್ತರರ ಧ್ವನಿಯಲ್ಲಿ ದೂರಿರಲಿಲ್ಲ. ಬಹುದಿನದ ಮೇಲೆ ಪಾಠ ಮಾಡುವ ಹುರುಪಿತ್ತು.

"ಈಗ ಟಾಕಿ ತೆಳಗ ಒಂದ ಗೆರಿ ಹೊಡಿ. ಹಾವಿನಂಗ ಸೊಟ್ಟ ಇರಬೇಕು. ಅದರ ಮ್ಯಾಲ ಚುಕ್ಕಿ ಇಡು. ಹದಿನೈದು."

ಶಕ್ಕುವಿನ ಕೈ ನಿಂತಿತು. ಆಮೇಲೆ ನಿಧಾನವಾಗಿ ಗೆರೆ ಎಳೆದಳು, ಚುಕ್ಕೆ ಇಟ್ಟಳು.

"ಒಂದನ್ನ ಗೆರಿ ಬಿಟ್ಟು ಈಚೀಗಿ ಇಡು. ಹೂಂ, ಅಲ್ಲೇ. ನಾ ಮ್ಯಾಲ ಹೋಗುವಾಗ ತೆಳಗ ನೋಡಿದೆ. ಹದಿನಾಕು ಮಂದಿ ನೆಲಾ ನೋಡಾಕತ್ತಿದ್ರು. ಕಟ್ಟಕಡೀಗಿ ಒಬ್ಬಾಕಿ ಸೀರ್ಯಾಕಿ ಇದ್ಲು, ಆಕೀನೂ." ಅವರು ಕಣ್ಣು ತೆರೆದು ನನ್ನನ್ನು ನೋಡಿದರು, ಮತ್ತೆ ಮುಚ್ಚಿಕೊಂಡರು. ನಾನು ಸೆರಗು ಸರಿಮಾಡಿಕೊಂಡೆ. "ಈ ಒಂದ ಚುಕ್ಕಿ ಮಾತ್ರ ನನ್ನ ಕಡೆ ನೋಡಾಕತ್ತಿತ್ತು. ಯಾರದು?"

"ನಾನ್ರಿ ಸರ್," ಎಂದಳು ಶಕ್ಕು.

"ಗೊತ್ತೈತಿ. ಚುಕ್ಕಿಗಿ ಮುಖಾ ತಗಿ."

ಅವಳು ಹಾಳೆಯ ಮೇಲೆ ಬಗ್ಗಿದಳು. ಹೊರಗೆ ಗಾಳಿ ಕಿಟಕಿ ಬಡಿಯುತ್ತಿತ್ತು. ಕಣ್ಣೀರು ಹಾಳೆಯ ಮೇಲೆ ಬೀಳದಂತೆ ಒಂದು ಕೈಯಲ್ಲಿ ಮುಖ ಒರೆಸಿಕೊಳ್ಳುತ್ತ, ಇನ್ನೊಂದು ಕೈಯಲ್ಲಿ ಮೊದಲು ಕಣ್ಣು ಬರೆದಳು, ಅಳಿಸಿದಳು, ಮತ್ತೆ ಬರೆದಳು. ಮಾಸ್ತರರು ಅವಸರ ಮಾಡಲಿಲ್ಲ.